ಗ್ರಬ್ ಮೆನು ಬಂತು, ರೂಟ್ ಡಿಸ್ಕ್ ಬರಲಿಲ್ಲ

"ಗ್ರಬ್‌ನ ಬೂಟ್ ಮೆನು ಬರುತ್ತೆ ಸಾರ್, ಕರ್ನಲ್ಲೂ ಲೋಡ್ ಆಗುತ್ತೆ, ಆಮೇಲೆ ಡಿಸ್ಕೇ ಇಲ್ಲ ಅನ್ನುತ್ತೆ. ಸ್ಟೋರೇಜ್ ಕೈಕೊಟ್ಟಿರಬೇಕು." ಐಸ್ಕಸಿ ಲನ್‌ನಿಂದ, ಅಂದರೆ ಸ್ಟೋರೇಜ್ ನೆಟ್‌ವರ್ಕ್ ಮೂಲಕ ಕೊಡುವ ಡಿಸ್ಕಿನಿಂದ, ಬೂಟ್ ಆಗುವ ಲಿನಕ್ಸ್ ಸರ್ವರ್‌ಗಳ ದೂರು ಬಹುಪಾಲು ಇದೇ ಧಾಟಿಯಲ್ಲಿರುತ್ತದೆ. ದೂರು ತಲುಪುವಷ್ಟರಲ್ಲಿ ಯಾರೋ ಒಬ್ಬರು ಲನ್ ಅಳಿಸಿ ಹೊಸದು ಮಾಡಲು ಹೊರಟಿರುತ್ತಾರೆ. ಸ್ವಲ್ಪ ತಡೆಯಿರಿ ಸ್ವಾಮಿ. ಆ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಬಂದದ್ದಾದರೂ ಎಲ್ಲಿಂದ? ಟಿಎಫ್‌ಟಿಪಿಯಿಂದ (ನೆಟ್‌ವರ್ಕ್‌ನಲ್ಲಿ ಕಡತ ಕಳಿಸುವ ಸರಳ ವಿಧಾನ) ಬಂದಿಲ್ಲವಾದರೆ ಅದೇ ಲನ್‌ನಿಂದ. ಅಂದರೆ ಅರ್ಧ ನಿಮಿಷದ ಹಿಂದೆ ಸ್ಟೋರೇಜ್, ಸ್ವಿಚ್, ಕೇಬಲ್, ಪಾಸ್‌ವರ್ಡ್ ಎಲ್ಲವೂ ಸರಿಯಿದ್ದವು.

ಎಷ್ಟು ಸಲ ಹೇಳಿದರೂ ಮನಸ್ಸಿಗಿಳಿಯದ ಸಂಗತಿ ಇದು: ನೆಟ್‌ವರ್ಕ್ ಕಾರ್ಡಿನ ಫರ್ಮ್‌ವೇರ್ ಮಾಡಿದ ಲಾಗಿನ್ ಲಿನಕ್ಸಿಗೆ ಬಳುವಳಿಯಾಗಿ ಬರುವುದಿಲ್ಲ. ಕರ್ನಲ್‌ನ ಡ್ರೈವರ್ ಕಾರ್ಡನ್ನು ರೀಸೆಟ್ ಮಾಡಿದ ಕ್ಷಣವೇ ಆ ಸಂಪರ್ಕ ಸತ್ತಿತು. ಶಿಫ್ಟ್ ಮುಗಿಸಿದವನು ಮುಂದಿನವನಿಗೆ ಚೀಟಿ ಬರೆದಿಟ್ಟು ಹೋದ ಹಾಗೆ, ಫರ್ಮ್‌ವೇರ್ ಮೆಮೊರಿಯಲ್ಲಿ ಐಬಿಎಫ್‌ಟಿ ಎಂಬ ಪಟ್ಟಿ ಬಿಟ್ಟು ಹೋಗುತ್ತದೆ. ಅದರಲ್ಲಿ ಟಾರ್ಗೆಟ್‌ನ (ಲನ್ ಕೊಡುವ ಸ್ಟೋರೇಜ್‌ನ) ಐಪಿ, ಐಕ್ಯೂಎನ್ (ಐಸ್ಕಸಿಯಲ್ಲಿನ ಹೆಸರು), ಲನ್ ಸಂಖ್ಯೆ, ಕಾರ್ಡಿನ ಮ್ಯಾಕ್ ವಿಳಾಸ ಇರುತ್ತವೆ. ಅದನ್ನು ಓದಿ, ಕಾರ್ಡನ್ನು ಮತ್ತೆ ಎಬ್ಬಿಸಿ, ಹೊಸದಾಗಿ ಲಾಗಿನ್ ಆಗುವ ಹೊಣೆ ಇನಿಟ್‌ರಾಮ್‌ಎಫ್‌ಎಸ್‌ನದು, ಅಂದರೆ ರೂಟ್ ಡಿಸ್ಕ್ ಸಿಗುವವರೆಗೆ ಮೆಮೊರಿಯಿಂದ ಓಡುವ ಪುಟ್ಟ ಇಮೇಜಿನದು. ಕರ್ನಲ್ ಸಾಲಿನಲ್ಲಿ (ಗ್ರಬ್ ಕರ್ನಲ್‌ಗೆ ಕೊಡುವ ಆಯ್ಕೆಗಳಲ್ಲಿ) 'ಆರ್‌ಡಿ.ಐಸ್ಕಸಿ.ಫರ್ಮ್‌ವೇರ್=1' ಮತ್ತು 'ಐಪಿ=ಐಬಿಎಫ್‌ಟಿ' ಇಲ್ಲದಿದ್ದರೆ ಡ್ರಾಕಟ್ (ಈ ಇಮೇಜ್ ಕಟ್ಟುವ ಸಾಧನ) ಆ ಚೀಟಿಯ ಕಡೆ ತಿರುಗಿಯೂ ನೋಡದೆ ಇರಬಹುದು. ಡ್ರಾಕಟ್ ಬದಲು ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಬಳಸುವ ಡೆಬಿಯನ್, ಉಬುಂಟುಗಳಲ್ಲಿ ಇದರ ಜಾಗಕ್ಕೆ /ಇಟಿಸಿ/ಐಸ್ಕಸಿ ಕೆಳಗೆ 'ಐಸ್ಕಸಿ.ಇನಿಟ್‌ರಾಮ್‌ಎಫ್‌ಎಸ್' ಎಂಬ ಕಡತ ಬೇಕು. ಒಳಗೆ 'ಐಸ್ಕಸಿ_ಆಟೋ=ಟ್ರೂ' ಎಂಬ ಒಂದೇ ಸಾಲು ಸಾಕು, ಆದರೆ ಬರೆದ ಮೇಲೆ ಇಮೇಜನ್ನು ಮತ್ತೆ ಕಟ್ಟಬೇಕು. ಅದನ್ನು ಮರೆಯುವವರೇ ಹೆಚ್ಚು.

ತುರ್ತು ಶೆಲ್‌ಗೆ ಬಿದ್ದಾಗ ರೀಬೂಟ್ ಗುಂಡಿ ಒತ್ತಬೇಡಿ. ತನಿಖೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೊದಲು /ಸಿಸ್/ಕ್ಲಾಸ್/ನೆಟ್ ನೋಡಿ. ಅಲ್ಲಿ ಬರೀ 'ಲೋ' (ಯಂತ್ರದೊಳಗಿನ ಲೂಪ್‌ಬ್ಯಾಕ್) ಇದ್ದರೆ ಡ್ರೈವರ್ ಇಲ್ಲ. ಇಮೇಜ್ ಬೇರೆ ಹಾರ್ಡ್‌ವೇರ್ ಮೇಲೆ ಹೋಸ್ಟ್-ಓನ್ಲಿ ಆಗಿ, ಅಂದರೆ ಆ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನಷ್ಟೇ ಸೇರಿಸಿ, ತಯಾರಾಗಿರುತ್ತದೆ. ಬಿಎನ್‌ಎಕ್ಸ್2ಎಕ್ಸ್‌ನಂಥ ಡ್ರೈವರ್‌ಗಳಿಗೆ ಫರ್ಮ್‌ವೇರ್ ಕಡತವೂ ಇಮೇಜಿನೊಳಗಿರಬೇಕು. ಕಾರ್ಡ್ ಕಂಡರೆ 'ಐಸ್ಕಸಿ_ಐಬಿಎಫ್‌ಟಿ' ಮಾಡ್ಯೂಲ್ ಹಾಕಿ, /ಸಿಸ್/ಫರ್ಮ್‌ವೇರ್/ಐಬಿಎಫ್‌ಟಿ ಇದೆಯೇ ನೋಡಿ. ಇದ್ದರೆ 'ಐಸ್ಕಸಿಸ್ಟಾರ್ಟ್ -ಎನ್' ಹೊಡೆದು ನೆಟ್‌ವರ್ಕ್ ಎಬ್ಬಿಸಿ, ಆಮೇಲೆ 'ಐಸ್ಕಸಿಸ್ಟಾರ್ಟ್ -ಬಿ'. ಡಿಸ್ಕ್ ಬಂತೋ, ತಪ್ಪು ಕರ್ನಲ್ ಸಾಲಿನಲ್ಲಿದೆ ಅನ್ನಲು ಬಹುಮಟ್ಟಿಗೆ ಧೈರ್ಯ ಮಾಡಬಹುದು.

ಕೆಲವೊಮ್ಮೆ ಕೈಯಾರೆ ಮಾಡಿದಾಗ ಬರುತ್ತದೆ, ತಾನಾಗಿ ಬರುವುದಿಲ್ಲ. ಆಗ ಸ್ವಿಚ್ಚಿನ ಪೋರ್ಟ್ ನೋಡಿ. ಕಾರ್ಡ್ ರೀಸೆಟ್ ಆದಾಗ ಹಳೆಯ ಸ್ಪ್ಯಾನಿಂಗ್ ಟ್ರೀ (ಪ್ಯಾಕೆಟ್‌ಗಳು ಸುತ್ತು ಹೊಡೆಯದಂತೆ ತಡೆಯುವ ವ್ಯವಸ್ಥೆ) ಪೋರ್ಟನ್ನು 15 ಸೆಕೆಂಡು ಲಿಸನಿಂಗ್, 15 ಸೆಕೆಂಡು ಲರ್ನಿಂಗ್‌ನಲ್ಲಿ ಇಡುತ್ತದೆ. ಲಿಂಕ್ ದೀಪ ಹಸಿರು, ಪ್ಯಾಕೆಟ್ ಮಾತ್ರ ಹೋಗದು. ಈ ಕಾಯುವಿಕೆ ತಪ್ಪಿಸಲು ಸರ್ವರ್ ಪೋರ್ಟನ್ನು ಎಡ್ಜ್ ಅಥವಾ ಪೋರ್ಟ್‌ಫಾಸ್ಟ್ ಮಾಡಿಸಿ.

ಲಾಗಿನ್ ಆಯಿತು, ಮೌಂಟ್ ಮಾತ್ರ ಸಿಕ್ಕಿಹಾಕಿಕೊಂಡಿತು, ಲಾಗ್‌ನಲ್ಲಿ 1022 ಎಂಬ ಕನೆಕ್ಷನ್ ದೋಷ ಬರುತ್ತಿದೆ ಅಂದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೇಲೆ ಅನುಮಾನಪಡಿ. ಲಾಗಿನ್ನಿನ ಪ್ಯಾಕೆಟ್‌ಗಳು ಚಿಕ್ಕವು, ದಾಟಿಬಿಡುತ್ತವೆ. ದಾರಿಯಲ್ಲಿ ಒಂದು ಪೋರ್ಟ್ 1500 ಬೈಟ್‌ನಲ್ಲಿದ್ದರೂ 9000 ಬೈಟ್‌ನ ಫ್ರೇಮ್‌ಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. 'ಪಿಂಗ್ -ಎಂ ಡು -ಎಸ್ 8972' ಎಂದು ಟಾರ್ಗೆಟ್‌ಗೆ ಕಳಿಸಿದರೆ ಗೊತ್ತಾಗುತ್ತದೆ. 9000ಕ್ಕೆ ಉಳಿದ 28 ಬೈಟ್ ಐಪಿ ಮತ್ತು ಐಸಿಎಂಪಿ ಹೆಡರ್‌ಗಳಿಗೆ.

ಬೂಟ್ ಆದಮೇಲೂ ಗಂಡಾಂತರ ಮುಗಿಯದು. ರೂಟ್ ಡಿಸ್ಕ್ ಬರುವ ಇಂಟರ್‌ಫೇಸನ್ನು ನೆಟ್‌ವರ್ಕ್‌ಮ್ಯಾನೇಜರ್ ಹೊಸದಾಗಿ ಹೊಂದಿಸಲು ಕೆಳಗಿಳಿಸಿದರೆ ಯಂತ್ರ ತನ್ನ ಕಾಲಡಿಯ ನೆಲ ತಾನೇ ಎಳೆದುಕೊಳ್ಳುತ್ತದೆ. ಇನ್ನು ಲಿನಕ್ಸಿನ ಐಸ್ಕಸಿ ತಂತ್ರಾಂಶವಾದ ಓಪನ್-ಐಸ್ಕಸಿಯ ರಿಪ್ಲೇಸ್‌ಮೆಂಟ್ ಟೈಮ್‌ಔಟ್ (ಕಡಿದ ಸಂಪರ್ಕ ಮರಳಲು ಕಾಯುವ ಅವಧಿ) ಸಾಮಾನ್ಯವಾಗಿ 120 ಸೆಕೆಂಡು. ಸ್ವಿಚ್ ರೀಬೂಟ್ ಅದಕ್ಕಿಂತ ತಡವಾದರೆ ಫೈಲ್‌ಸಿಸ್ಟಂ ರೀಡ್-ಓನ್ಲಿ ಆಗಬಹುದು. ಒಂದೇ ದಾರಿಯ ರೂಟ್ ಆದರೆ ಅದನ್ನು 86400ಕ್ಕೆ ಏರಿಸಿ, ನೂಪ್-ಔಟ್‌ನ (ಟಾರ್ಗೆಟ್ ಬದುಕಿದೆಯೇ ಎಂದು ಆಗಾಗ ಕೇಳುವ ಸಂದೇಶದ) ಇಂಟರ್ವಲ್, ಟೈಮ್‌ಔಟ್ ಎರಡನ್ನೂ 0 ಮಾಡಿ. ಮಲ್ಟಿಪಾತ್ (ಡಿಸ್ಕಿಗೆ ಹಲವು ದಾರಿ) ಇದ್ದರೆ ಇದರ ತದ್ವಿರುದ್ಧ, ರಿಪ್ಲೇಸ್‌ಮೆಂಟ್ ಟೈಮ್‌ಔಟ್ 5ರಿಂದ 15 ಸೆಕೆಂಡು ಸಾಕು. ಕಡತ ತಿದ್ದಿ ಸುಮ್ಮನಾಗಬೇಡಿ: ಸೆಷನ್ ಹುಟ್ಟಿದ್ದು ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ. /ಸಿಸ್/ಕ್ಲಾಸ್/ಐಸ್ಕಸಿ_ಸೆಷನ್ ಕೆಳಗಿನ 'ರಿಕವರಿ_ಟಿಎಂಒ' ತೋರಿಸುವ ಅಂಕಿಯೇ ನಿಜ.

ಕ್ಲೋನ್ ಮಾಡುವವರಿಗೆ ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು. ಫರ್ಮ್‌ವೇರ್ ಸೆಟ್ಟಿಂಗ್ ಸಮೇತ ಸರ್ವರ್ ನಕಲು ಮಾಡಿ, ಇನಿಷಿಯೇಟರ್ ಹೆಸರು (ಸರ್ವರ್‌ನ ಸ್ವಂತ ಐಕ್ಯೂಎನ್) ಬದಲಿಸದೆ ಎರಡನ್ನೂ ಚಾಲೂ ಮಾಡಿದರೆ ಸ್ಟೋರೇಜ್ ಎರಡಕ್ಕೂ ಒಂದೇ ಲನ್ ತೆರೆದು ಕೊಡಬಹುದು. ಎರಡು ಕರ್ನಲ್‌ಗಳು ಒಂದೇ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ ಮೇಲೆ ಬರೆದರೆ ಬ್ಯಾಕಪ್ ಹೊರತು ಬೇರೆ ಗತಿ ಬಹುಶಃ ಇಲ್ಲ. ಹೊಸ ಯಂತ್ರದ ಪವರ್ ಹಾಕುವ ಮುನ್ನ ಅದರ ಫರ್ಮ್‌ವೇರ್‌ಗೂ /ಇಟಿಸಿ/ಐಸ್ಕಸಿಯ ಇನಿಷಿಯೇಟರ್‌ನೇಮ್ ಕಡತಕ್ಕೂ ಒಂದೇ ಹೊಸ ಐಕ್ಯೂಎನ್ ಕೊಡಿ, ಸ್ಟೋರೇಜ್‌ನಲ್ಲಿ ಆ ಹೆಸರಿಗೆ ಅದರದೇ ಲನ್ ಮಾತ್ರ ಮ್ಯಾಪ್ ಮಾಡಿ.