ಯುರೋಪ್ ಥರದ ವೆಲ್‌ಫೇರ್ ಅಮೆರಿಕಾದಲ್ಲಿ ನಡೆಯತ್ತಾ? ಎರಡು ಪೇಸ್ಲಿಪ್ ಇಟ್ಕೊಂಡು ಮಾಡಿದ ನೋಟ್ಸ್

ಪೊಲಿಟಿಕಲ್ ಸೈನ್ಸ್ ಪೇಪರ್‌ಗೆ ಅಂತ ಓದ್ತಾ ಗೀಚ್ಕೊಂಡಿದ್ದು ಇದು, ಗ್ರೂಪಲ್ಲಿ ಇಬ್ಬರು ಮೂವರು ಕೇಳಿದ್ರು ಅಂತ ಸ್ವಲ್ಪ ಬಿಡಿಸಿ ಬರೀತಿದೀನಿ. ಈ ಪ್ರಶ್ನೆಗೆ ನಾವೆಲ್ಲ ಬರೆಯೋ ರೆಡಿಮೇಡ್ ಉತ್ತರ ಒಂದಿದೆ: ಅಮೆರಿಕಾದವರು ವ್ಯಕ್ತಿವಾದಿಗಳು, ಸರ್ಕಾರ ಅಂದ್ರೆ ಅವ್ರಿಗೆ ಆಗಲ್ಲ, ಹಂಗಾಗಿ ಅಲ್ಲಿ ನಡೆಯಲ್ಲ. ನಾನೂ ಹಂಗೇ ಬರೀತಿದ್ದೆ. ಎರಡು ಪೇಸ್ಲಿಪ್ ಪಕ್ಕಪಕ್ಕ ಇಟ್ಟು ನೋಡಿದ್ಮೇಲೆ ಆ ಉತ್ತರದ ಮೇಲಿದ್ದ ನಂಬಿಕೆ ಹೋಯ್ತು.

ಒಂದು ಮ್ಯೂನಿಕ್‌ನಲ್ಲಿರೋ ನನ್ನ ಹಾಸನದ ಕ್ಲಾಸ್‌ಮೇಟ್‌ದು. ಅವನಿಗೆ ಮೊದಲ ತಿಂಗಳು ಸಂಬಳ ಬಂದಾಗ ತಪ್ಪಾಗಿ ಹಾಕಿದಾರೆ ಅಂದ್ಕೊಂಡು ಎಚ್‌ಆರ್‌ಗೆ ಮೇಲ್ ಮಾಡಿದ್ನಂತೆ, ಯಾಕಂದ್ರೆ ಅಲ್ಲಿ ಬ್ರುಟ್ಟೋ ಅಂದ್ರೆ ಪೇಪರ್ ಮೇಲಿನ ಸಂಬಳ, ನೆಟ್ಟೋ ಅಂದ್ರೆ ಕೈಗೆ ಬರೋದು, ಇವೆರಡರ ಮಧ್ಯೆ ನೂರಕ್ಕೆ ನಲವತ್ತರ ಹತ್ರ ಮಾಯ ಆಗಿತ್ತು. ಪೆನ್ಷನ್‌ಗೆ 9.3%, ನಿರುದ್ಯೋಗ ವಿಮೆಗೆ 1.3%, ಆರೋಗ್ಯ ವಿಮೆಗೆ 7.3% ಜೊತೆಗೆ ಒಂಚೂರು ಮೇಲೆ, ಮುದುಕರ ಆರೈಕೆಯ ವಿಮೆ ಬೇರೆ, ಆಮೇಲೆ ಇನ್‌ಕಮ್ ಟ್ಯಾಕ್ಸ್. ಕಂಪನಿನೂ ಇವನ ಜೊತೆ ಹೆಚ್ಚುಕಮ್ಮಿ ಅಷ್ಟೇ ವಿಮೆ ದುಡ್ಡು ಕಟ್ಟತ್ತೆ. ಅಂಗಡೀಲಿ ತಗೊಳ್ಳೋ ಬಹುಪಾಲು ಸಾಮಾನಿಗೆ ಮತ್ತೆ 19% ವ್ಯಾಟ್. ಬದಲಿಗೆ ಸಿಗೋದೇನು? ಡಾಕ್ಟರ್ ಹತ್ರ ಹೋದ್ರೆ ಕಾರ್ಡ್ ತೋರಿಸಿ ಬರ್ತಾನೆ, ಮಗು ಆದ್ಮೇಲೆ ತಿಂಗಳಿಗೆ ಕಿಂಡರ್‌ಗೆಲ್ಡ್, ಅಂದ್ರೆ ಮಕ್ಕಳ ಭತ್ಯೆ, ಅಕೌಂಟಿಗೆ ಬೀಳತ್ತೆ, 2025ರಲ್ಲಿ ಅದು 255 ಯೂರೋ, ಶ್ರೀಮಂತನ ಮಗುಗೂ ಬಡವನ ಮಗುಗೂ ಅಷ್ಟೇ.

ಇನ್ನೊಂದು ಡಲ್ಲಾಸ್‌ನಲ್ಲಿರೋ ನಮ್ಮ ದೊಡ್ಡಪ್ಪನ ಮಗ ಅಣ್ಣಂದು. ಲೆಕ್ಕ ಸುಲಭ ಆಗ್ಲಿ ಅಂತ ವರ್ಷಕ್ಕೆ ಒಂದು ಲಕ್ಷ ಡಾಲರ್ ಸಂಬಳ ಅಂದ್ಕೊಳ್ಳಿ. ಸೋಶಿಯಲ್ ಸೆಕ್ಯುರಿಟಿಗೆ (ಸರ್ಕಾರಿ ಪೆನ್ಷನ್) 6.2%, ಅಂದ್ರೆ 6,200 ಡಾಲರ್, ಮೆಡಿಕೇರ್‌ಗೆ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) 1.45%, ಅಂದ್ರೆ 1,450. ಟೆಕ್ಸಾಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲವೇ ಇಲ್ಲ. ನೋಡಿ ಎಷ್ಟು ಕಮ್ಮಿ ಅಂತ ಖುಷಿಯಾಯ್ತು. ಅಣ್ಣ ನಕ್ಕು "ಕೆಳಗಡೆ ಸ್ಕ್ರಾಲ್ ಮಾಡೋ" ಅಂದ. ಕೆಳಗೆ ಮೆಡಿಕಲ್, ಡೆಂಟಲ್, ವಿಷನ್ ಅಂತ ಒಂದೊಂದೇ ಪ್ರೀಮಿಯಂ ಕಟ್ ಆಗಿತ್ತು, ಅದರ ಪಕ್ಕ ಕಂಪನಿ ಕಟ್ಟೋ ಪಾಲು. ಅಮೆರಿಕಾದಲ್ಲಿ ಕಂಪನಿ ಮೂಲಕ ಸಿಗೋ ಫ್ಯಾಮಿಲಿ ಹೆಲ್ತ್ ಇನ್ಶೂರೆನ್ಸ್‌ನ ಸರಾಸರಿ ಪ್ರೀಮಿಯಂ 2024ರಲ್ಲಿ ವರ್ಷಕ್ಕೆ 25,000 ಡಾಲರ್ ದಾಟಿತ್ತು, ಅದ್ರಲ್ಲಿ ಸುಮಾರು ಕಾಲು ಭಾಗ ನೌಕರನ ಸಂಬಳದಿಂದ ನೇರವಾಗಿ ಹೋಗತ್ತೆ, ಮಿಕ್ಕಿದ್ದು ಕಂಪನಿ ಕೊಡತ್ತೆ ಅಂತ ಲೆಕ್ಕ, ಆದ್ರೆ ಎಕನಾಮಿಕ್ಸ್ ಓದಿದವರಿಗೆ ಗೊತ್ತು, ಆ ಮುಕ್ಕಾಲು ಭಾಗನೂ ಕೊನೆಗೆ ಇವನಿಗೆ ಸಂಬಳವಾಗಿ ಬರಬಹುದಾಗಿದ್ದ ದುಡ್ಡೇ. ಇಷ್ಟೆಲ್ಲ ಕಟ್ಟಿ ಆಸ್ಪತ್ರೆಗೆ ಹೋದ್ರೂ ಡಿಡಕ್ಟಿಬಲ್ ಅಂತ ಒಂದಿದೆ, ಅಷ್ಟು ಮೊತ್ತ ಮೊದ್ಲು ಕೈಯಿಂದ ಕೊಟ್ಟ ಮೇಲೇನೇ ಇನ್ಶೂರೆನ್ಸ್ ಕಣ್ಣು ಬಿಡೋದು. ಅತ್ತಿಗೆ ಡೆಲಿವರಿ ಆದ್ಮೇಲೆ ಒಂದೇ ಹೆರಿಗೆಗೆ ನಾಲ್ಕು ಕಡೆಯಿಂದ ನಾಲ್ಕು ಬಿಲ್ ಬಂದಿದ್ದು, ಅರಿವಳಿಕೆ ಕೊಟ್ಟ ಡಾಕ್ಟರ್‌ದೇ ಬೇರೆ ಲಕೋಟೆ ಬಂದಿದ್ದು, ದೊಡ್ಡಮ್ಮ ಇವತ್ತಿಗೂ ಬಂದವರಿಗೆಲ್ಲ ಹೇಳ್ತಾರೆ.

ಈ ನೋಟ್ಸಿನ ಮುಖ್ಯ ಪಾಯಿಂಟ್ ಇದೇ. ಅಮೆರಿಕಾ ವೆಲ್‌ಫೇರ್‌ಗೆ ಖರ್ಚು ಮಾಡಲ್ಲ ಅನ್ನೋದು ತಪ್ಪು, ಖರ್ಚು ಮಾಡತ್ತೆ, ಆದ್ರೆ ಅದು ಟ್ಯಾಕ್ಸ್ ಅನ್ನೋ ಹೆಸರಲ್ಲಿ ಕಾಣಲ್ಲ. ಸರ್ಕಾರದ ಖರ್ಚಿನ ಜೊತೆ ಖಾಸಗಿ ವಿಮೆ, ಟ್ಯಾಕ್ಸ್ ರಿಯಾಯಿತಿ ಎಲ್ಲ ಸೇರಿಸಿ ಓಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ) ಲೆಕ್ಕ ಹಾಕಿದಾಗ ಅಮೆರಿಕಾ ಫ್ರಾನ್ಸ್ ಆದ್ಮೇಲೆ ಎರಡನೇ ಸ್ಥಾನಕ್ಕೆ ಬರತ್ತೆ, ಸ್ವೀಡನ್, ಡೆನ್ಮಾರ್ಕ್‌ಗಿಂತ ಮೇಲೆ! ನಾನು ಮೊದಲ ಸಲ ಓದಿದಾಗ ಟೇಬಲ್ ಉಲ್ಟಾ ಹಿಡ್ಕೊಂಡಿದೀನೇನೋ ಅನ್ಕೊಂಡೆ. ಆರೋಗ್ಯ ಒಂದಕ್ಕೇ 2023ರಲ್ಲಿ ಜಿಡಿಪಿಯ 17.6% ಹೋಗಿದೆ, ಜರ್ಮನಿಯಲ್ಲಿ ಅದು 12%ದ ಆಸುಪಾಸು. ಅಷ್ಟು ಸುರಿದೂ ಅಲ್ಲಿ ಎರಡೂವರೆ ಕೋಟಿ ಜನಕ್ಕೆ ವಿಮೆನೇ ಇಲ್ಲ. ಹಂಗಾಗಿ "ದುಡ್ಡೆಲ್ಲಿಂದ ತರ್ತಾರೆ" ಅಂತ ಶುರು ಮಾಡೋ ಉತ್ತರಕ್ಕೆ ತಳನೇ ಇಲ್ಲ. ಮಿಲಿಟರಿಗೆ ಖರ್ಚು ಮಾಡೋದ್ರಿಂದ ದುಡ್ಡು ಮಿಗಲ್ಲ ಅನ್ನೋರೂ ಇದಾರೆ, ಆದ್ರೆ ಡಿಫೆನ್ಸ್ ಜಿಡಿಪಿಯ ಸುಮಾರು 3% ಅಷ್ಟೆ, 17.6ರ ಪಕ್ಕ ಇಟ್ಟು ನೋಡಿ.

ಯುರೋಪ್ ಥರ ಅಂದಾಗ ಯಾವ ಯುರೋಪು ಅಂತನೂ ಕೇಳ್ಕೋಬೇಕು. ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಕಾಯಿಲೆ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಪೆನ್ಷನ್ ತಂದ, ಬಡವರ ಮೇಲಿನ ಪ್ರೀತಿಗಿಂತ ಸೋಶಿಯಲಿಸ್ಟರ ಕೈಯಿಂದ ಕಾರ್ಮಿಕರನ್ನ ಕಿತ್ಕೊಳ್ಳೋಕೆ. ಅದು ಕೆಲಸಕ್ಕೆ ಅಂಟಿಸಿದ ವಿಮೆ, ದುಡ್ಡು ಕೆಲಸಗಾರರ, ಮಾಲೀಕರ ವಂತಿಗೆಯಿಂದ. ಬ್ರಿಟನ್ನಿನದು 1942ರ ಬೆವರಿಜ್ ವರದಿಯಿಂದ ಬಂದಿದ್ದು, 1948ರ ಜುಲೈ 5ಕ್ಕೆ ಎನ್‌ಎಚ್‌ಎಸ್ ಅನ್ನೋ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯ್ತು, ದುಡ್ಡು ಟ್ಯಾಕ್ಸ್‌ದು, ಆಸ್ಪತ್ರೆ ಸರ್ಕಾರದ್ದು. ಸ್ವೀಡನ್, ಡೆನ್ಮಾರ್ಕ್ ಥರದ ನಾರ್ಡಿಕ್ ದೇಶಗಳು ಮೂರನೇ ದಾರಿ, ಎಲ್ಲರಿಗೂ ಎಲ್ಲವೂ, ಸ್ವೀಡನ್‌ನಲ್ಲಿ ಒಂದು ಮಗುಗೆ ಅಪ್ಪ ಅಮ್ಮ ಸೇರಿ 480 ದಿನ ಪೇರೆಂಟಲ್ ರಜೆ. ಇನ್ನು ಸ್ವಿಟ್ಜರ್‌ಲ್ಯಾಂಡ್, ನೆದರ್‌ಲ್ಯಾಂಡ್ಸ್‌ನಲ್ಲಿ ಖಾಸಗಿ ವಿಮಾ ಕಂಪನಿಗಳೇ ಇರೋದು, ಆದ್ರೆ ಎಲ್ಲರೂ ಕೊಳ್ಳಲೇಬೇಕು, ಕಂಪನಿನೂ ಯಾರನ್ನೂ ಬೇಡ ಅನ್ನೋ ಹಾಗಿಲ್ಲ. ಉತ್ತರ ಬರೆಯುವಾಗ ಇದನ್ನೆಲ್ಲ ಒಂದೇ ಮೂಟೆ ಕಟ್ಟಿದ್ರೆ ಅಲ್ಲೇ ಮಾರ್ಕ್ಸ್ ಹೋಗತ್ತೆ.

ಇದ್ರ ಜೊತೆ ಇನ್ನೊಂದು ವಿಷ್ಯ ಮರೀಬಾರದು, ನಾರ್ಡಿಕ್ ವೆಲ್‌ಫೇರ್ ನಡೆಯೋದು ಬರೀ ಶ್ರೀಮಂತರ ಟ್ಯಾಕ್ಸ್‌ನಿಂದ ಅಲ್ಲ. ಡೆನ್ಮಾರ್ಕ್, ಸ್ವೀಡನ್ ಎರಡರಲ್ಲೂ ಸಾಮಾನ್ಯ ವ್ಯಾಟ್ ದರ 25%, ಬಟ್ಟೆ ತಗೊಳ್ಳೋ ನರ್ಸೂ ಬಸ್ ಡ್ರೈವರೂ ಕಟ್ತಾರೆ. ಅಮೆರಿಕಾದಲ್ಲಿ ಫೆಡರಲ್ ವ್ಯಾಟ್ ಅನ್ನೋದೇ ಇಲ್ಲ. 2015ರಲ್ಲಿ ಅಧ್ಯಕ್ಷ ಸ್ಥಾನದ ರೇಸ್‌ನಲ್ಲಿದ್ದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಡೆನ್ಮಾರ್ಕ್ ನೋಡಿ ಕಲೀರಿ ಅಂದಾಗ ಎದುರಾಳಿ ಹಿಲರಿ ಕ್ಲಿಂಟನ್ ನಾವು ಡೆನ್ಮಾರ್ಕ್ ಅಲ್ಲ ಅಂದ್ರು, ಆಮೇಲೆ ಡೆನ್ಮಾರ್ಕಿನ ಆಗಿನ ಪ್ರಧಾನಿ ರಾಸ್ಮುಸೆನ್ ಹಾರ್ವರ್ಡಿಗೆ ಬಂದು ನಮ್ಮದು ಸೋಶಿಯಲಿಸಂ ಅಲ್ಲಪ್ಪ, ಮಾರ್ಕೆಟ್ ಎಕಾನಮಿ ಅಂತ ಹೇಳಿ ಹೋದ್ರು. ಮೂರೂ ಜನ ಅವರವರ ಮಟ್ಟಿಗೆ ಸರಿ. ಟ್ಯಾಕ್ಸ್ ಜಾಸ್ತಿ ಅನ್ನೋದನ್ನ ರಾಸ್ಮುಸೆನ್ ಆ ಭಾಷಣದಲ್ಲೇ ಒಪ್ಕೊಂಡಿದ್ರು.

ಈಗ ಈ ವಿಮೆ ಕಂಪನಿಗೆ ಅಂಟ್ಕೊಂಡಿದ್ದು ಹೆಂಗೆ ಅಂತ ನೋಡಿ. ಯಾರೂ ಪ್ಲ್ಯಾನ್ ಮಾಡಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಬೆಲೆ ಏರಬಾರದು ಅಂತ ಸರ್ಕಾರ ಸಂಬಳಕ್ಕೆ ಬ್ರೇಕ್ ಹಾಕ್ತು. ಜನ ಸಿಗ್ತಿಲ್ಲ, ಸಂಬಳ ಜಾಸ್ತಿ ಕೊಡೋ ಹಾಗಿಲ್ಲ, ಹಂಗಾಗಿ ಕಂಪನಿಗಳು ಹೆಲ್ತ್ ಇನ್ಶೂರೆನ್ಸ್ ಕೊಡೋಕೆ ಶುರು ಮಾಡಿದ್ವು. ಅದಕ್ಕೆ ಟ್ಯಾಕ್ಸ್ ಇಲ್ಲ ಅಂತ 1954ರಲ್ಲಿ ಕಾನೂನಲ್ಲೇ ಪಕ್ಕಾ ಆಯ್ತು. ಅಷ್ಟೊತ್ತಿಗೆ ಅಧ್ಯಕ್ಷ ಟ್ರೂಮನ್ ಎಲ್ಲರಿಗೂ ರಾಷ್ಟ್ರೀಯ ವಿಮೆ ಅಂತ 1945ರಲ್ಲಿ ಹೇಳಿ ನೋಡಿದ್ರು, ಡಾಕ್ಟರುಗಳ ಸಂಘವೇ ಇದು ಸೋಶಿಯಲಿಸಂ ಅಂತ ಕೂಗೆಬ್ಬಿಸಿ ಮಲಗಿಸಿಬಿಡ್ತು. ಕೊನೆಗೆ ಅಧ್ಯಕ್ಷ ಜಾನ್ಸನ್ 1965ರಲ್ಲಿ ಮೆಡಿಕೇರ್ ತಂದು ಟ್ರೂಮನ್ ಊರಿಗೇ ಹೋಗಿ ಸಹಿ ಹಾಕಿ ಮೊದಲ ಕಾರ್ಡ್ ಅವರಿಗೇ ಕೊಟ್ರು, ಆದ್ರೆ ಆಗ ಅದು 65 ದಾಟಿದವರಿಗೆ ಮಾತ್ರ, ಬಡವರಿಗೆ ಅಂತ ಮೆಡಿಕೇಡ್ ಬೇರೆ.

ಜನಾಂಗದ ವಿಷ್ಯ ಬಿಟ್ಟು ಈ ಟಾಪಿಕ್ ಮುಗಿಯಲ್ಲ. 1935ರ ಸೋಶಿಯಲ್ ಸೆಕ್ಯುರಿಟಿ ಕಾಯ್ದೆಯಲ್ಲಿ ಹೊಲದ ಕೂಲಿಗಳು, ಮನೆಗೆಲಸದವರು ಇಬ್ಬರನ್ನೂ ಹೊರಗಿಟ್ರು. ದಕ್ಷಿಣದ ರಾಜ್ಯಗಳಲ್ಲಿ ಆ ಕೆಲಸ ಮಾಡ್ತಿದ್ದೋರು ಬಹುಪಾಲು ಕಪ್ಪು ಜನ. ಅವರಿಂದ ವಂತಿಗೆ ವಸೂಲಿ ಮಾಡೋದು ಕಷ್ಟ ಅನ್ನೋ ಆಡಳಿತದ ಕಾರಣವೇ ದೊಡ್ಡದು ಅನ್ನೋ ಇತಿಹಾಸಕಾರರೂ ಇದಾರೆ, ಆದ್ರೆ ಪೆಟ್ಟು ಬಿದ್ದಿದ್ದು ಯಾರಿಗೆ ಅನ್ನೋದ್ರಲ್ಲಿ ಅನುಮಾನ ಇಲ್ಲ. 1950, 1954ರ ತಿದ್ದುಪಡಿಗಳಲ್ಲಿ ಅವ್ರನ್ನ ಒಳಗೆ ತಗೊಂಡ್ರು. ಅಲೆಸಿನಾ, ಗ್ಲೇಸರ್ ಅನ್ನೋ ಇಬ್ಬರು ಹಾರ್ವರ್ಡ್ ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ ಯುರೋಪು ಅಮೆರಿಕಾ ಮಧ್ಯದ ವ್ಯತ್ಯಾಸದಲ್ಲಿ ಹೆಚ್ಚುಕಮ್ಮಿ ಅರ್ಧ ಈ ಜನಾಂಗದ ಬಿರುಕಿನಿಂದ, ಮಿಕ್ಕಿದ್ದು ರಾಜಕೀಯ ಸಂಸ್ಥೆಗಳಿಂದ. ಬರೀ "ಅವ್ರ ಕಲ್ಚರ್ ಹಂಗೆ" ಅಂತ ಬರೆಯೋದಕ್ಕಿಂತ ಇದು ಎಷ್ಟೋ ವಾಸಿ.

ಇದ್ರಿಂದ ಅಲ್ಲಿ ಎರಡು ಥರದ ವೆಲ್‌ಫೇರ್ ಹುಟ್ಕೊಳ್ತು. ದುಡಿದು ಕಟ್ಟಿದ್ದು ಒಂದು, ಅದನ್ನ ಯಾರೂ ಮುಟ್ಟೋ ಹಾಗಿಲ್ಲ. 1935ರಲ್ಲಿ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಸಂಬಳದಿಂದಲೇ ಕಟ್ ಮಾಡೋ ವ್ಯವಸ್ಥೆ ಇಟ್ಟಿದ್ದೂ ಅದಕ್ಕೇ, ನಾಳೆ ಯಾವ ರಾಜಕಾರಣಿನೂ ಇದನ್ನ ಕಿತ್ತು ಹಾಕಬಾರದು ಅಂತ ಅವರೇ ಹೇಳಿದ್ರು. ಇನ್ನೊಂದು ಬಡವ ಅಂತ ಪ್ರೂವ್ ಮಾಡಿ ತಗೊಳ್ಳೋದು, ನಮ್ ಬಿಪಿಎಲ್ ಕಾರ್ಡ್ ಥರ ಅಂದ್ಕೊಳ್ಳಿ, ಇದರ ಮೇಲೆ ಎಲ್ಲರ ಕಣ್ಣು. 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಕಾಲದಲ್ಲಿ ಹಳೇ ಸಹಾಯಧನ ತೆಗೆದು ಟ್ಯಾನ್ಫ್ (ಬಡ ಕುಟುಂಬಗಳಿಗೆ ತಾತ್ಕಾಲಿಕ ನೆರವು) ತಂದ್ರು: ಫೆಡರಲ್ ದುಡ್ಡಲ್ಲಿ ಜೀವಮಾನಕ್ಕೆ ಐದು ವರ್ಷ ಅಷ್ಟೆ, ರಾಜ್ಯಗಳಿಗೆಲ್ಲ ಸೇರಿ ವರ್ಷಕ್ಕೆ 16.5 ಬಿಲಿಯನ್ ಡಾಲರ್ ಹತ್ರ ಇಡುಗಂಟು, ಬೆಲೆ ಏರಿದ್ರೂ ಇದು ಏರಲ್ಲ. ಆ ಗಂಟು ಹೆಂಗೆ ಬಳಸಿದ್ರು ಅನ್ನೋದಕ್ಕೆ ಮಿಸಿಸಿಪಿ ರಾಜ್ಯ ನೋಡಿ, ಬಡ ಕುಟುಂಬಗಳ ದುಡ್ಡು ಹೋಗಿ ಒಂದು ಯೂನಿವರ್ಸಿಟಿಯ ವಾಲಿಬಾಲ್ ಸ್ಟೇಡಿಯಂ ಆಯ್ತು! ರಾಜ್ಯದ ಆಡಿಟರೇ 2020ರಲ್ಲಿ ಹಿಡಿದಿದ್ದು.

ಹಂಗಾದ್ರೆ ಯುರೋಪ್ ಥರ ಯಾರೂ ಟ್ರೈ ಮಾಡೇ ಇಲ್ವಾ? ಮಾಡಿದಾರೆ, ಎರಡು ಕೇಸ್ ಚೆನ್ನಾಗಿ ಓದ್ಕೊಳ್ಳಿ.

ಒಂದು ವರ್ಮಾಂಟ್. ಆರು ಲಕ್ಷ ಚಿಲ್ಲರೆ ಜನಸಂಖ್ಯೆ, ಸ್ಯಾಂಡರ್ಸ್ ಅವರದೇ ರಾಜ್ಯ, ಚಿಕ್ಕದು, ಹೆಚ್ಚುಕಮ್ಮಿ ಒಂದೇ ಥರದ ಜನ, ಅಂದ್ರೆ ಡೆನ್ಮಾರ್ಕ್ ಜೊತೆ ಹೋಲಿಸೋರಿಗೆ ಇದಕ್ಕಿಂತ ಒಳ್ಳೇ ಲ್ಯಾಬ್ ಸಿಗಲ್ಲ. 2011ರಲ್ಲಿ ಎಲ್ಲರಿಗೂ ರಾಜ್ಯವೇ ವಿಮೆ ಕೊಡತ್ತೆ ಅಂತ ಕಾನೂನು ಪಾಸ್ ಆಯ್ತು. ದುಡ್ಡಿನ ಲೆಕ್ಕ ಆಮೇಲೆ ಅಂತ ಬಿಟ್ರು. 2014ರ ಡಿಸೆಂಬರ್‌ನಲ್ಲಿ ಲೆಕ್ಕ ಬಂತು: ಕಂಪನಿಗಳು ಸಂಬಳದ ಮೇಲೆ 11.5% ಟ್ಯಾಕ್ಸ್ ಕಟ್ಟಬೇಕು, ಜನ ಆದಾಯದ 9.5%ವರೆಗೂ ಕಟ್ಟಬೇಕು. ಗವರ್ನರ್ ಪೀಟರ್ ಶಮ್ಲಿನ್ ಅದನ್ನ ನೋಡಿ ಯೋಜನೆನೇ ಕೈಬಿಟ್ರು, ಅದಕ್ಕಿಂತ ಒಂದು ತಿಂಗಳ ಹಿಂದಷ್ಟೇ ಅವರು ಎಲೆಕ್ಷನ್‌ನಲ್ಲಿ ಕೂದಲೆಳೆಯಲ್ಲಿ ಬಚಾವಾಗಿದ್ರು. ಆದ್ರೆ ಅಣ್ಣನ ಪೇಸ್ಲಿಪ್ ನೆನಪಿಸ್ಕೊಳ್ಳಿ, ಪ್ರೀಮಿಯಂ ಅನ್ನೋ ಹೆಸರಲ್ಲಿ ಜನ ಕಟ್ತಿದ್ದ ದುಡ್ಡೇ ಬಹುಪಾಲು ಟ್ಯಾಕ್ಸ್ ಅಂತ ಹೆಸರು ಬದಲಾಯಿಸ್ಕೊಂಡು ಬಂದಿದ್ದು. ಕಂಪನಿ ಕೊಡ್ತಿದೆ ಅಂತ ಅಂದ್ಕೊಂಡಿದ್ದು ಏಕಾಏಕಿ ನಮ್ಮ ಜೇಬಿಂದ ಅಂತ ಕಂಡ್ರೆ ಯಾರಾದ್ರೂ ಬೆಚ್ಚಿಬೀಳ್ತಾರೆ. ನನ್ನ ಪ್ರಕಾರ ಇಡೀ ಅಮೆರಿಕಾದ ಸಮಸ್ಯೆ ಈ ಒಂದು ರಾಜ್ಯದ ಕಥೆಯಲ್ಲಿದೆ.

ಎರಡನೇದು 2021ರ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್, ಅಂದ್ರೆ ಮಕ್ಕಳಿರೋರಿಗೆ ಟ್ಯಾಕ್ಸ್‌ನಲ್ಲಿ ಸಿಗೋ ರಿಯಾಯಿತಿ. ಅಲ್ಲಿ ಇದು ಮೊದಲಿಂದನೂ ಇತ್ತು, ಆದ್ರೆ ಟ್ಯಾಕ್ಸ್ ಕಟ್ಟೋವಷ್ಟು ಆದಾಯ ಇಲ್ಲದವರಿಗೆ ಪೂರ್ತಿ ಸಿಗ್ತಿರಲಿಲ್ಲ. ಕೋವಿಡ್ ಟೈಮಲ್ಲಿ ಬೈಡನ್ ಸರ್ಕಾರ ಒಂದು ವರ್ಷಕ್ಕೆ ಅಂತ ಮೊತ್ತ ಏರಿಸಿ, ತೀರಾ ಬಡವರಿಗೂ ಪೂರ್ತಿ ಸಿಗೋ ಹಾಗೆ ಮಾಡಿ, ಜುಲೈಯಿಂದ ಡಿಸೆಂಬರ್‌ವರೆಗೆ ತಿಂಗಳು ತಿಂಗಳು ಅಕೌಂಟಿಗೇ ಹಾಕ್ತು, ಆರು ವರ್ಷದೊಳಗಿನ ಮಗುಗೆ 300 ಡಾಲರ್‌ವರೆಗೆ, ದೊಡ್ಡ ಮಕ್ಕಳಿಗೆ 250. ನೋಡೋಕೆ ಪಕ್ಕಾ ಕಿಂಡರ್‌ಗೆಲ್ಡ್. ಸರ್ಕಾರಿ ನೆರವನ್ನೂ ಆದಾಯಕ್ಕೆ ಸೇರಿಸೋ ಸಪ್ಲಿಮೆಂಟಲ್ ಅಳತೆಯಲ್ಲಿ ಮಕ್ಕಳ ಬಡತನ ಆ ವರ್ಷ 5.2%ಗೆ ಇಳೀತು. ಕೋವಿಡ್ ಚೆಕ್‌ಗಳದ್ದೂ ಇದ್ರಲ್ಲಿ ಪಾಲಿದೆ, ಪೂರ್ತಿ ಕ್ರೆಡಿಟ್ ಇದಕ್ಕೇ ಕೊಡಬೇಡಿ. ಆಮೇಲೆ ಮುಂದುವರಿಸೋಕೆ ಸೆನೆಟ್‌ನಲ್ಲಿ 50-50, ಬೈಡನ್ ಪಕ್ಷದವರೇ ಆದ ವೆಸ್ಟ್ ವರ್ಜೀನಿಯಾದ ಜೋ ಮ್ಯಾಂಚಿನ್ ಒಬ್ಬರು ಆಗಲ್ಲ ಅಂದ್ರು, ನಿಂತೇಹೋಯ್ತು. 2022ಕ್ಕೆ ಬಡತನ 12.4%ಗೆ ವಾಪಸ್. ಅಂದ್ರೆ ಯಂತ್ರ ಓಡತ್ತೆ ಅಂತ ಆರು ತಿಂಗಳಲ್ಲಿ ಗೊತ್ತಾಯ್ತು, ಸ್ವಿಚ್ ಇರೋದು ಸೆನೆಟ್ ಕೈಲಿ ಅಂತನೂ ಗೊತ್ತಾಯ್ತು. ಪ್ರತಿ ರಾಜ್ಯಕ್ಕೂ ಎರಡೇ ಸೀಟು, ಮಾಮೂಲಿ ಬಿಲ್‌ಗೆ ನೂರರಲ್ಲಿ 60 ವೋಟು ಬೇಕು, ಮೇಲೆ ಕೋರ್ಟು. ಒಬಾಮಾ ಕೇರ್ ಅನ್ನೋ ಆರೋಗ್ಯ ವಿಮೆ ಕಾನೂನಲ್ಲಿ ಮೆಡಿಕೇಡ್ ವಿಸ್ತರಣೆ ಎಲ್ಲ ರಾಜ್ಯಕ್ಕೂ ಕಡ್ಡಾಯ ಇತ್ತು, 2012ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳ ಇಷ್ಟ ಅಂತು, ಟೆಕ್ಸಾಸ್ ಇನ್ನೂ ಮಾಡಿಲ್ಲ.

ಸರಿ, ನಡೆಯತ್ತೋ ಇಲ್ವೋ? ನಾನಾದ್ರೆ ಹಿಂಗೆ ಬರೀತೀನಿ: ಸ್ವೀಡನ್ ಮಾದರಿ ಹತ್ತಿರದಲ್ಲಿ ಕಷ್ಟ, ಯಾಕಂದ್ರೆ ಮಿಡಲ್ ಕ್ಲಾಸ್ ಮೇಲೆ 25% ವ್ಯಾಟ್ ಅಂತ ಹೇಳಿ ಯಾರೂ ಗೆಲ್ಲಲ್ಲ. ಬಿಸ್ಮಾರ್ಕ್ ಮಾದರಿ, ಸಂಬಳದಿಂದ ಕಟ್ಟಿ ಹಕ್ಕಾಗಿ ತಗೊಳ್ಳೋದು, ಅದು ಅಲ್ಲಿ ತೊಂಬತ್ತು ವರ್ಷದಿಂದ ನಡೀತಾನೇ ಇದೆ, ಹೆಸರು ಸೋಶಿಯಲ್ ಸೆಕ್ಯುರಿಟಿ. ಕ್ಯಾಲಿಫೋರ್ನಿಯಾ 2004ರಿಂದ ಇದೇ ದಾರೀಲಿ ಸಂಬಳಸಹಿತ ಫ್ಯಾಮಿಲಿ ರಜೆ ಕೊಡ್ತಿದೆ, ಫೆಡರಲ್ ಕಾನೂನಲ್ಲಿ ಇವತ್ತಿಗೂ ಇರೋದು 12 ವಾರ, ಅದೂ ಸಂಬಳ ಇಲ್ಲದೆ. ಅತ್ತಿಗೆಗೆ ಸಿಕ್ಕಿದ್ದೂ ಅದೇ.

ಇದು ನಾನು ಕಟ್ಟಿದ್ದು ಅನ್ನೋ ಭಾವನೆ ಎಷ್ಟು ಗಟ್ಟಿ ಅಂದ್ರೆ, ಸೋಶಿಯಲ್ ಸೆಕ್ಯುರಿಟಿ ಪೆನ್ಷನ್ ಸಿಗೋಕೆ 40 ಕ್ರೆಡಿಟ್ (ದುಡಿದು ಕಟ್ಟಿದ್ದಕ್ಕೆ ಸಿಗೋ ಪಾಯಿಂಟ್) ಬೇಕು, ವರ್ಷಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಿಗಲ್ಲ, ಅಂದ್ರೆ ಹತ್ತು ವರ್ಷ. ಜರ್ಮನಿ ಜೊತೆ ಭಾರತಕ್ಕೆ ಸೋಶಿಯಲ್ ಸೆಕ್ಯುರಿಟಿ ಒಪ್ಪಂದ ಇದೆ, ಎರಡೂ ಕಡೆಯ ವರ್ಷಗಳನ್ನ ಸೇರಿಸಬಹುದು, ಅಮೆರಿಕಾ ಜೊತೆ ಇಲ್ಲ, ಹಂಗಾಗಿ ಎಚ್‌-1ಬಿ ವೀಸಾ ಮೇಲೆ ಹೋಗಿ ಏಳೆಂಟು ವರ್ಷ ಕಟ್ಟಿ ವಾಪಸ್ ಬಂದವರ ದುಡ್ಡು ಅಲ್ಲೇ. ಅಣ್ಣ ಪ್ರತಿ ಯುಗಾದಿಗೂ ಮುಂದಿನ ವರ್ಷ ಊರಿಗೆ ಬಂದ್ಬಿಡ್ತೀನಿ ಅಂತಿದ್ದ. ಈ ಸಲ ಫೋನಲ್ಲಿ ಕೇಳಿದ್ರೆ 34 ಆಗಿದೆ ಕಣೋ, ಇನ್ನಾರು ಕ್ರೆಡಿಟ್ ಮುಗೀಲಿ ನೋಡೋಣ ಅಂದ.