ಎಡಗಡೆಯ ಎರಡೂವರೆ ಇಂಚು

ಪರೀಕ್ಷೆ ಹತ್ತಿರ ಬಂತೆಂದರೆ ತುಮಕೂರಿನ ಜೆರಾಕ್ಸ್ ಅಂಗಡಿಗಳ ಮುಂದೆ ನಿಲ್ಲೋಕೂ ಜಾಗ ಇರುವುದಿಲ್ಲ. ಮುತ್ತಿನಂಥ ಅಕ್ಷರದ ಹುಡುಗಿ ಕ್ಲಾಸಿಗೊಬ್ಬಳು ಇದ್ದೇ ಇರುತ್ತಾಳೆ. ಅವಳ ನೋಟ್ಸ್ ಇಡೀ ಕ್ಲಾಸಿನ ಕೈ ಸೇರುತ್ತದೆ. ಮನೆಯಲ್ಲಿ ಜ್ಞಾಪಕಶಕ್ತಿಗೆ ಒಂದೆಲಗದ ಚಟ್ನಿ, ಪೆನ್ನಿಗೆ ಕುಂಕುಮ. ಚಟ್ನಿ ರುಚಿಯಾಗಿರುತ್ತೆ, ತಿನ್ನಲಿ ಬಿಡಿ. ಆದರೆ ನೆನಪನ್ನು ಹೊರಗಿನಿಂದ ತಂದು ತಲೆಗೆ ಹಾಕಬಹುದು ಅನ್ನೋ ನಂಬಿಕೆ ಇದೆಯಲ್ಲ, ಜೆರಾಕ್ಸಿಗೂ ಕುಂಕುಮಕ್ಕೂ ಬೇರು ಅದೇ.

ಮರೆವನ್ನು ಮೊದಲು ಅಳತೆಗೆ ತಂದವನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಉರು ಹೊಡೆದ. ಮರೆತ ಮೇಲೆ ಮತ್ತೆ ಕಲಿಯುವಾಗ ಮೊದಲ ಸಲಕ್ಕಿಂತ ಎಷ್ಟು ಶ್ರಮ ಉಳಿತಾಯವಾಯಿತು ಅಂತ ಲೆಕ್ಕ ಹಾಕಿದ. 1885ರಲ್ಲಿ ಪ್ರಕಟಿಸಿದ ಲೆಕ್ಕದಂತೆ 20 ನಿಮಿಷದ ನಂತರ ಉಳಿತಾಯ ಶೇ 58, ಒಂದು ದಿನಕ್ಕೆ ಶೇ 34, ತಿಂಗಳಿಗೆ ಶೇ 21. ಅರ್ಥವಾದ ಪಾಠ ಇಷ್ಟು ಬೇಗ ಮಾಸುವುದಿಲ್ಲ, ನಿಜ. ಆದರೂ ಗಮನಿಸಿ: ನಷ್ಟದ ದೊಡ್ಡ ಪಾಲು ಮೊದಲ ದಿನವೇ ಆಗಿಹೋಗುತ್ತದೆ. ಪರೀಕ್ಷೆಯ ಹಿಂದಿನ ವಾರ ನೋಟ್ಸ್ ತೆಗೆಯುವವರು ಮತ್ತೆ ಮೊದಲಿನಿಂದ ಕಲಿಯುತ್ತಿರುತ್ತಾರೆ, ಅಷ್ಟೇ.

ಹಾಗಾದರೆ ಮತ್ತೆ ಮತ್ತೆ ಓದಿದರೆ ಸಾಕಲ್ವಾ? ಸಾಲದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು 4 ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟನ್ನು 3 ಸಲ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40, ಮುಚ್ಚಿ ಬರೆದವರಿಗೆ ಶೇ 61. ತಮಾಷೆ ಏನೆಂದರೆ, ನಮಗೆ ಚೆನ್ನಾಗಿ ನೆನಪಿರುತ್ತೆ ಅಂತ ಜಾಸ್ತಿ ಧೈರ್ಯವಾಗಿ ಹೇಳಿದ್ದವರು 4 ಸಲ ಓದಿದವರೇ.

ಕಾರಣ ಇಷ್ಟು. ನೋಡಿದ ಹಾಳೆಯನ್ನು ಮತ್ತೆ ನೋಡಿದಾಗ ಅದು ಪರಿಚಿತ ಅನ್ನಿಸುತ್ತದೆ. ಆ ಪರಿಚಯವನ್ನೇ ನಾವು ತಿಳಿವಳಿಕೆ ಅಂದುಕೊಳ್ಳುತ್ತೇವೆ. ಪರೀಕ್ಷೆಯ ಕೋಣೆಯಲ್ಲಿ ಹಾಳೆ ಇರುವುದಿಲ್ಲ, ಪ್ರಶ್ನೆ ಮಾತ್ರ ಇರುತ್ತದೆ. ಪ್ರಶ್ನೆಯಿಂದ ಉತ್ತರಕ್ಕೆ ಹೋಗುವ ದಾರಿಯನ್ನು ಮನಸ್ಸು ಮೊದಲೇ ತುಳಿದಿರಬೇಕು. ಹೊಲದ ಕಾಲುದಾರಿಯ ಹಾಗೆ, ನಡೆದಷ್ಟೂ ಅದು ಸವೆದು ಕಾಣಿಸಿಕೊಳ್ಳುತ್ತದೆ. ತಿಣುಕಾಡಿ ನೆನಪಿಸಿಕೊಳ್ಳುವ ಆ ಅರ್ಧ ನಿಮಿಷ ಇದೆಯಲ್ಲ, ಕಲಿಕೆ ಆಗುವುದು ಅಲ್ಲಿ.

ನೋಟ್ಸ್ ಹಾಳೆಯ ರಚನೆ ಬದಲಾಗಬೇಕಾದದ್ದು ಇದಕ್ಕೇ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಹೇಳಿಕೊಟ್ಟ ಕ್ರಮ ನನಗೆ ಬಲು ಇಷ್ಟ. ಎಡಗಡೆ ಎರಡೂವರೆ ಇಂಚು ಬಿಟ್ಟು ಉದ್ದಕ್ಕೆ ಒಂದು ಗೆರೆ. ಬಲಗಡೆ ಪಾಠ, ಎಡಗಡೆ ಪ್ರಶ್ನೆ, ಕೆಳಗೆ ಎರಡು ಸಾಲಿನ ಸಾರಾಂಶ.

ಕೋಲಾರದ ಒಂದು ಕಾಲೇಜಿನಲ್ಲಿ ಅಂತರ್ಜಲದ ಪಾಠ ಅಂದುಕೊಳ್ಳಿ. ಮೇಷ್ಟ್ರು ಹೇಳುತ್ತಾರೆ: 'ಆಳದ ಬೋರ್‌ವೆಲ್ ನೀರು ಗ್ರಾನೈಟ್ ಬಿರುಕುಗಳಲ್ಲಿ ಬಹಳ ಕಾಲ ನಿಂತಿರುತ್ತದೆ. ಬಂಡೆಯ ಖನಿಜಗಳಲ್ಲಿರುವ ಫ್ಲೋರೈಡ್ ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೂ ಮೂಳೆಗೂ ತೊಂದರೆ.' ಅಕ್ಷರ ಬಿಡದೆ ಬರೆಯುವವನು 'ಖನಿಜ' ಮುಗಿಸುವಷ್ಟರಲ್ಲಿ ಮೇಷ್ಟ್ರು ಮೂಳೆಗೆ ಬಂದಿರುತ್ತಾರೆ. ಬಲಗಡೆ ಇಷ್ಟು ಸಾಕು: 'ಆಳ → ಬಂಡೆ ಜೊತೆ ಜಾಸ್ತಿ ಕಾಲ → ಫ್ಲೋ. ಜಾಸ್ತಿ. ಮಿತಿ 1.5 ಮಿ.ಗ್ರಾಂ/ಲೀ. ಹಲ್ಲು, ಮೂಳೆ.' ಸಂಜೆ ಎಡಗಡೆ ಬರೆಯಿರಿ: 'ತೆರೆದ ಬಾವಿಗಿಂತ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಏಕೆ?' ಸುಮ್ನೆ 'ಫ್ಲೋರೈಡ್' ಅಂತ ಹೆಡ್ಡಿಂಗ್ ಹಾಕಿದರೆ ಪ್ರಯೋಜನವಿಲ್ಲ. ಅದು ಉತ್ತರ ಕೇಳುವುದಿಲ್ಲ. ಆಮೇಲೆ ಬಲಗಡೆಯನ್ನು ಕೈಯಿಂದ ಮುಚ್ಚಿ, ಉತ್ತರ ಬಾಯಲ್ಲಿ ಹೇಳಿ.

ಪ್ರಶ್ನೆ ಕೇಳೋದು ಈ ಸೀಮೆಗೆ ಹೊಸತಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ಪವಾಡಕ್ಕೇ ಪ್ರಶ್ನೆ ಹಾಕಬಹುದಾದರೆ ಕೆಮಿಸ್ಟ್ರಿ ಪಾಠಕ್ಕೆ ಹಾಕಲು ಏನಡ್ಡಿ?

ಫೇರ್ ನೋಟ್ಸ್ ಬೇಡವೇ ಅಂತ ಕೇಳುತ್ತಾರೆ. ಬುಕ್ ಬೈಂಡಿಂಗ್ ಕಲಿಯುತ್ತಿದ್ದ ಮೈಕೆಲ್ ಫ್ಯಾರಡೆ 1812ರಲ್ಲಿ ಲಂಡನ್ನಿನಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿದ. ಅಲ್ಲಿ ಚುಟುಕಾಗಿ ಗುರುತು ಹಾಕಿಕೊಂಡು, ಮನೆಯಲ್ಲಿ ವಿಸ್ತರಿಸಿ, ಚಿತ್ರ ಸೇರಿಸಿ ಬರೆದ. ತಾನೇ ಬೈಂಡ್ ಮಾಡಿ ಡೇವಿಗೇ ಕಳಿಸಿದ. ಮುಂದಿನ ವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಯ ಸಹಾಯಕನಾದ. ಫೇರ್ ಮಾಡುವುದಾದರೆ ಹೀಗೆ ಮಾಡಿ. ರಫ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನಾಲ್ಕು ಬಣ್ಣದ ಪೆನ್ನಿನಲ್ಲಿ ಇಳಿಸಿಕೊಳ್ಳುವುದು ಬರೀ ಕೈಕೆಲಸ.

ಎಷ್ಟೋ ಕಾಲೇಜುಗಳಲ್ಲಿ ನೋಟ್ಸ್ ಬರೆಸುತ್ತಾರೆ, ಯೋಚಿಸೋಕೆ ಬಿಡುವೇ ಇರುವುದಿಲ್ಲ. ಅಂಥ ಕಡೆ ಮೇಷ್ಟ್ರು ಹೇಳಿದ್ದನ್ನೆಲ್ಲ ಬಲಗಡೆ ಬರೆದುಕೊಳ್ಳಿ, ಜಗಳ ಬೇಡ. ಮನೆಗೆ ಹೋಗುವ ಬಸ್ಸಿನಲ್ಲಿ ಎಡಗಡೆಗೆ ಪುಟಕ್ಕೆ ಮೂರು ಪ್ರಶ್ನೆ ಬರೆಯಿರಿ. ರಾತ್ರಿ ಒಮ್ಮೆ, ಭಾನುವಾರ ಒಮ್ಮೆ ಬಲಗಡೆ ಮುಚ್ಚಿ ಉತ್ತರ ಹೇಳಿ. ತಪ್ಪಿದ ಪ್ರಶ್ನೆಗೆ ಚುಕ್ಕೆ ಇಡಿ. ಮುಂದಿನ ವಾರ ಚುಕ್ಕೆ ಇರುವ ಪ್ರಶ್ನೆಗಳಿಂದ ಶುರು ಮಾಡಿ.