ಮಕ್ಕಳ ಕೈಗೆ ಹಳೆಯ ಕಾರು: ಬಣ್ಣ ಬಳಿಸುವ ಮುನ್ನ

ದ್ವಿತೀಯ ಪಿಯುಸಿ ಫಲಿತಾಂಶ ಬಂದು, ಕಾಲೇಜು ಸೀಟಿನ ಗಡಿಬಿಡಿ ಮುಗಿಯುವ ಹೊತ್ತಿಗೆ ದಾವಣಗೆರೆಯ ನಮ್ಮ ಟಿಂಕರಿಂಗ್ ಮತ್ತು ಪೇಂಟಿಂಗ್ ಶೆಡ್ಡಿಗೆ ಒಂದು ಬಗೆಯ ಕಾರುಗಳು ಬರತೊಡಗುತ್ತವೆ. ಹತ್ತು ಹನ್ನೆರಡು ವರ್ಷ ಮನೆಮಂದಿಯನ್ನೆಲ್ಲ ಮದುವೆಗೆ, ಧರ್ಮಸ್ಥಳಕ್ಕೆ, ಆಸ್ಪತ್ರೆಗೆ ಹೊತ್ತು ತಿರುಗಿದ ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಐ10ಗಳು ಅವು. ಮನೆಗೆ ಹೊಸ ಕಾರು ಬಂದಿರುತ್ತದೆ. ಹಳೆಯದನ್ನು ಮಾರಿದರೆ ಕೈಗೆ ಬರುವ ದುಡ್ಡು ಅಷ್ಟಕ್ಕಷ್ಟೇ, ಹೇಗೂ ಮಗನಿಗೋ ಮಗಳಿಗೋ ಕೈ ಪಳಗಿಸಿಕೊಳ್ಳಲು ಆಗುತ್ತದೆ ಎಂದು ಉಳಿಸಿಕೊಂಡಿರುತ್ತಾರೆ. ಆದರೆ ಅದರ ಬಣ್ಣ ಮಕ್ಕಳಿಗೆ ಸೇರುವುದಿಲ್ಲ. “ಪೂರ್ತಿ ಒಂದು ಕೋಟ್ ಹೊಡೆದುಕೊಡಿ, ಬೇಕಾದರೆ ಬಣ್ಣವನ್ನೇ ಬದಲಾಯಿಸಿಬಿಡಿ” ಎಂದು ಕೇಳುವ ತಂದೆತಾಯಿಯರಿಗೆ ನಾನು ಸಾಮಾನ್ಯವಾಗಿ ಬೇಡವೆಂದೇ ಹೇಳುತ್ತೇನೆ. ಹೀಗೆ ಹೇಳುವುದರಿಂದ ನಷ್ಟವಾಗುವುದು ನನ್ನ ಕಸುಬಿಗೇ ಆದ್ದರಿಂದ, ಅದರ ಕಾರಣಗಳನ್ನು ಸ್ವಲ್ಪ ವಿವರವಾಗಿ ಬರೆಯುವುದು ಉಚಿತ.

ಮನೆಯ ಮೊದಲ ಕಾರಿನ ಬಣ್ಣವನ್ನು ಆರಿಸುವುದು ಬಹುಮಟ್ಟಿಗೆ ಹಿರಿಯರ ಎಚ್ಚರಿಕೆ. ಮುಂದೆ ಮಾರುವಾಗ ಕೊಳ್ಳುವವರು ಸುಲಭವಾಗಿ ಸಿಗಲಿ ಎಂದು ತಂದೆ ಬಿಳಿ ಅಥವಾ ಬೆಳ್ಳಿಯ ಬಣ್ಣ ಹಿಡಿಯುತ್ತಾರೆ. ಧೂಳು ಕಾಣದಿರಲಿ ಎಂದು ತಾಯಿ ಬೂದು ಬಣ್ಣದ ಕಡೆಗೆ ಒಲಿಯುತ್ತಾರೆ. ರಾಶಿ ನಕ್ಷತ್ರ ಕೇಳಿಸಿಕೊಂಡು ಬಂದ ಅಜ್ಜಿ, ಕಪ್ಪು ಶನಿಯ ಬಣ್ಣ, ಅದೊಂದು ಬೇಡ ಎನ್ನುತ್ತಾರೆ. ಬಿಳಿಗೆ ಇರುವ ಒಂದೇ ದೊಡ್ಡ ಆಕ್ಷೇಪವೆಂದರೆ ಅದು ಬಾಡಿಗೆ ಕಾರಿನಂತೆ ಕಾಣುತ್ತದೆ ಎಂಬುದು. ಹಳದಿ ಬೋರ್ಡು ಇಲ್ಲದಿದ್ದರೂ ರೈಲು ನಿಲ್ದಾಣದ ಮುಂದೆ ನೆಂಟರಿಗಾಗಿ ಕಾಯುತ್ತ ನಿಂತವರನ್ನು “ಹರಿಹರಕ್ಕೆ ಬರ್ತೀರಾ?” ಎಂದು ಯಾರಾದರೂ ಕೇಳುವುದುಂಟು. ಹಾಗಿದ್ದರೂ ಬಿಳಿಯ ಸ್ಥಾನ ಅಲುಗಿಲ್ಲ. ಕಾರಿನ ಬಣ್ಣ ತಯಾರಿಸುವ ಕಂಪನಿಗಳು ವರ್ಷವರ್ಷವೂ ಹೊರತರುವ ವರದಿಗಳಲ್ಲಿ ಜಗತ್ತಿನಾದ್ಯಂತ ಬಿಳಿಯೇ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಮೊದಲ ಸ್ಥಾನದಲ್ಲಿದೆ.

ಮಕ್ಕಳಿಗೆ ಬೇಕಾಗಿರುವುದು ಇದರ ನೇರ ವಿರುದ್ಧ: ಹೊಳಪಿಲ್ಲದ ಮ್ಯಾಟ್ ಕಪ್ಪು, ಗಾಢ ಬೂದು, ಕೆಂಪು ಮೈಗೆ ಕಪ್ಪು ಟಾಪು. ಹದಿನೆಂಟರ ವಯಸ್ಸಿನ ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಹೊಸದಾಗಿ ಕಲಿತವರ ಕಾರಿಗೆ ಯಾವ ಬಣ್ಣ ಒಳ್ಳೆಯದು ಎಂದು ಕೇಳಿದರೆ, ಅಜ್ಜಿ ಬೇರೆ ಕಾರಣಕ್ಕೆ ಹೇಳಿದ ಮಾತು ಸರಿಯಾಗಿಯೇ ಇದೆ ಎನ್ನಬೇಕಾಗುತ್ತದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಅಪಘಾತ ಸಂಶೋಧನಾ ಕೇಂದ್ರವು ಅಲ್ಲಿನ ಪೊಲೀಸ್ ದಾಖಲೆಗಳನ್ನು ಆಧರಿಸಿ ನಡೆಸಿದ ಅಧ್ಯಯನದಲ್ಲಿ, ಹಗಲು ಬೆಳಕಿನಲ್ಲಿ ಕಪ್ಪು ಕಾರುಗಳ ಅಪಘಾತದ ಸಾಧ್ಯತೆ ಬಿಳಿ ಕಾರುಗಳಿಗಿಂತ ಸುಮಾರು 12 ಶೇಕಡಾ ಹೆಚ್ಚೆಂದು ಕಂಡುಬಂದಿತ್ತು. ಬೂದು ಮತ್ತು ಬೆಳ್ಳಿಯ ಬಣ್ಣಗಳೂ ಬಿಳಿಗಿಂತ ಹಿಂದೆಯೇ ಇದ್ದವು. ಮಸುಕು ಬೆಳಕಿನಲ್ಲಿ ಡಾಂಬರು ರಸ್ತೆಯ ಹಿನ್ನೆಲೆಯಲ್ಲಿ ಬೂದು ಕಾರು ಕರಗಿಹೋಗುತ್ತದೆ ಎಂಬುದನ್ನು ಮಲೆನಾಡಿನ ಮಳೆಯಲ್ಲಿ ಗಾಡಿ ಓಡಿಸಿದ ಯಾರಾದರೂ ಒಪ್ಪಿಯಾರು. ಇನ್ನು ಬಿಸಿಲಿನ ಮಾತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಒಂದೇ ಮಾದರಿಯ ಕಪ್ಪು ಮತ್ತು ಬೆಳ್ಳಿ ಬಣ್ಣದ ಎರಡು ಕಾರುಗಳನ್ನು ಬಿಸಿಲಿಗೆ ನಿಲ್ಲಿಸಿ ಅಳೆದಾಗ, ಕಪ್ಪು ಕಾರಿನ ಟಾಪು 25 ಡಿಗ್ರಿ ಸೆಲ್ಸಿಯಸ್‌ನಷ್ಟು, ಒಳಗಿನ ಗಾಳಿ 5ರಿಂದ 6 ಡಿಗ್ರಿಯಷ್ಟು ಹೆಚ್ಚು ಕಾದಿತ್ತು. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ, ಹಳೆಯ ಎಸಿ ಇರುವ ಕಾರಿನಲ್ಲಿ, ಈ ಐದಾರು ಡಿಗ್ರಿ ಸಣ್ಣ ವ್ಯತ್ಯಾಸವಲ್ಲ.

ಬಣ್ಣಗಳು ವಯಸ್ಸಾಗುವ ರೀತಿಯೂ ಒಂದೊಂದು ತರ. ಬಿಳಿಯ ಬಣ್ಣಕಣ ಟೈಟಾನಿಯಂ ಡೈಆಕ್ಸೈಡ್ ಆದ್ದರಿಂದ ಅದು ಬಿಸಿಲಿಗೆ ಜಗ್ಗುವುದಿಲ್ಲ. ಹೆಚ್ಚೆಂದರೆ ಮೇಲಿನ ಪದರ ತುಸು ಹಳದಿಗೆ ತಿರುಗುತ್ತದೆ. ಕೆಂಪಿನಲ್ಲಿ ಬಳಸುವ ಸಾವಯವ ಬಣ್ಣಕಣಗಳು ನೇರಳಾತೀತ ಕಿರಣಕ್ಕೆ ಬೇಗ ಒಡೆಯುವುದರಿಂದ, ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇಲ್ಲದ ಹಳೆಯ ಕೆಂಪು ಕಾರುಗಳ ಬಾನೆಟ್ಟು ಗುಲಾಬಿಗೆ ತಿರುಗಿರುವುದನ್ನು ಎಲ್ಲರೂ ನೋಡಿದ್ದಾರೆ. ಕಪ್ಪು ಮಾಸುವುದಿಲ್ಲ, ಆದರೆ ಒಂದು ಗೀರನ್ನೂ ಮುಚ್ಚಿಡುವುದಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟರೆ ಬಿಳಿ ಬಿಳಿ ಉಂಗುರಗಳು ಮೈತುಂಬ ಕೂರುತ್ತವೆ. ಊರು ಯಾವುದು ಎಂಬುದೂ ಮುಖ್ಯ. ಸಂಡೂರು, ಹೊಸಪೇಟೆಯ ಕಡೆಯಿಂದ ಬರುವ ಬಿಳಿ ಕಾರುಗಳ ಮೇಲೆ ಕಬ್ಬಿಣದ ಅದಿರಿನ ಧೂಳು ಕ್ಲಿಯರ್ ಕೋಟಿನೊಳಗೇ ಚುಚ್ಚಿಕೊಂಡು ಕೆಮ್ಮಣ್ಣಿನ ಛಾಯೆ ಕೊಟ್ಟಿರುತ್ತದೆ. ಅದನ್ನು ಸೋಪಿನಿಂದ ತೆಗೆಯಲಾಗದು, ಕ್ಲೇ ಬಾರ್ ಎಂಬ ಜೇಡಿಯಂಥ ಮೆತ್ತನೆಯ ತುಂಡನ್ನು ಉಜ್ಜಿಯೇ ಎತ್ತಬೇಕು. ಕರಾವಳಿಯ ಕಾರುಗಳ ಸಮಸ್ಯೆ ಬಣ್ಣದ್ದಲ್ಲ, ಬಣ್ಣದ ಕೆಳಗಿನ ತುಕ್ಕಿನದು. ಬಾಗಿಲಿನ ಕೆಳಅಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ತಳ ಇವುಗಳಲ್ಲಿ ಅದು ಒಳಗಿನಿಂದ ಹೊರಕ್ಕೆ ಬರುತ್ತದೆ.

ಆಯುಧಪೂಜೆಯ ಗುರುತುಗಳನ್ನೂ ಇಲ್ಲಿ ಹೇಳಬೇಕು. ಹಸಿಯಾಗಿ ಹಚ್ಚಿದ ಅಗ್ಗದ ಕುಂಕುಮದ ಬಣ್ಣ ಬಿಳಿ ಬಾನೆಟ್ಟಿನ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಅರಿಸಿನದ ಕಲೆ ಮಾತ್ರ ಬಿಸಿಲಿಗೆ ತಾನಾಗಿ ಮಾಸುತ್ತದೆ. ವಿಭೂತಿ ಒಣಗಿದ ಮೇಲೆ ಅದನ್ನು ಒಣಬಟ್ಟೆಯಿಂದ ಒರೆಸಿದವರ ಕಾರಿನಲ್ಲಿ ಮೂರು ಪಟ್ಟೆಗಳ ಜಾಗದಲ್ಲಿ ಗೀರುಗಳಿರುತ್ತವೆ. ಪೂಜೆ ಗಾಜಿಗೆ ಮಾಡಿದರೂ ದೇವರು ಒಪ್ಪುತ್ತಾನೆ ಎಂದು ನಾನು ಗಿರಾಕಿಗಳಿಗೆ ಹೇಳುವುದುಂಟು.

ಈಗ ಪೂರ್ತಿ ಬಣ್ಣ ಏಕೆ ಬೇಡ ಎಂಬ ಪ್ರಶ್ನೆಗೆ ಬರೋಣ. ಕಾರ್ಖಾನೆಯಲ್ಲಿ ಕಾರಿನ ಬರಿಯ ಉಕ್ಕಿನ ಮೈಯನ್ನು ಇಡಿಯಾಗಿ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಮೂಲೆಮೂಲೆಗೂ ಅದು ಅಂಟುವಂತೆ ಮಾಡಿ, ಸುಮಾರು 160ರಿಂದ 180 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಅದರ ಮೇಲೆ ಬರುವ ಬಣ್ಣ ಮತ್ತು ಕ್ಲಿಯರ್ ಕೋಟುಗಳೂ ಒಲೆಯಲ್ಲಿ ಬೆಂದವೇ. ವೈರಿಂಗ್, ರಬ್ಬರು, ಪ್ಲಾಸ್ಟಿಕ್ಕು, ಪೆಟ್ರೋಲ್ ಟ್ಯಾಂಕು ಎಲ್ಲವೂ ಕೂತಿರುವ ಕಾರನ್ನು ನಮ್ಮ ಬಣ್ಣ ಹೊಡೆಯುವ ಬೂತಿನಲ್ಲಿ 60–80 ಡಿಗ್ರಿಗಿಂತ ಹೆಚ್ಚು ಕಾಯಿಸುವಂತಿಲ್ಲ. ಆದ್ದರಿಂದ ಎಷ್ಟೇ ಒಳ್ಳೆಯ ಸಾಮಾನು ಬಳಸಿದರೂ ನಮ್ಮ ಕೆಲಸ ಕಾರ್ಖಾನೆಯ ಗಟ್ಟಿತನಕ್ಕೆ ಸಮನಾಗುವುದು ಕಷ್ಟ. ಕಾರ್ಖಾನೆಯ ಎಲ್ಲ ಪದರಗಳ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಆರನೆಯ ಒಂದು ಪಾಲನ್ನೂ ದಾಟದು. ಮೇಲೆ ಮತ್ತೊಮ್ಮೆ ಬಣ್ಣ ಹೊಡೆದರೆ ಅಳತೆಯ ಯಂತ್ರ 200ರ ಆಚೆ ತೋರಿಸುತ್ತದೆ, ಪುಟ್ಟಿ ತುಂಬಿದ ಕಡೆ 500ನ್ನೂ ಮೀರುತ್ತದೆ. ಮುಂದೆ ಕಾರು ಮಾರುವ ದಿನ ಕೊಳ್ಳುವವನು ಈ ಯಂತ್ರವನ್ನು ಬಾಗಿಲಿಗೆ ಹಿಡಿದರೆ, ಕೇವಲ ಮಗಳ ಆಸೆಗೆ ಬಣ್ಣ ಹೊಡೆಸಿದ ಕಾರೂ ದೊಡ್ಡ ಅಪಘಾತದಿಂದ ಎದ್ದು ಬಂದ ಕಾರೂ ಅವನ ಕಣ್ಣಿಗೆ ಒಂದೇ.

ಬಣ್ಣವನ್ನೇ ಬದಲಿಸುವುದು ಇನ್ನೂ ತೊಡಕು. ಬಾಗಿಲ ಸಂದು, ಬಾನೆಟ್ಟಿನ ಒಳಮೈ, ಡಿಕ್ಕಿಯ ಒಳಗು ಇವುಗಳನ್ನೆಲ್ಲ ಬಿಚ್ಚಿ ಹೊಡೆಯದಿದ್ದರೆ ಹಳೆಯ ಬಣ್ಣ ಪ್ರತಿ ಬಾರಿ ಬಾಗಿಲು ತೆಗೆದಾಗ ಇಣುಕುತ್ತದೆ. ಆರ್‌ಸಿಯಲ್ಲಿ ಬಣ್ಣವೂ ನಮೂದಾಗಿರುವುದರಿಂದ ಬದಲಾವಣೆಯನ್ನು ಆರ್‌ಟಿಒ ಕಚೇರಿಯಲ್ಲಿ ದಾಖಲಿಸಬೇಕು. ಮೈಗೆ ಅಂಟಿಸುವ ವಿನೈಲ್ ರ‍್ಯಾಪ್‌ನಿಂದ ಬಣ್ಣ ಬದಲಾದರೂ ಅದನ್ನು ದಾಖಲಿಸಿದ್ದೀರಾ ಎಂಬ ಪ್ರಶ್ನೆ ಏಳುತ್ತದೆ. ಸೇನೆಯ ಆಲಿವ್ ಹಸಿರನ್ನಂತೂ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮವು ಖಾಸಗಿ ವಾಹನಗಳಿಗೆ ನಿಷೇಧಿಸಿದೆ. ಜೀಪಿನ ಹುಚ್ಚು ಹಿಡಿದ ಹುಡುಗರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಾಜಿಗೆ ಕಪ್ಪು ಫಿಲ್ಮ್ ಬೇಕೆಂಬ ಬೇಡಿಕೆಯೂ ಇದರ ಜೊತೆಗೇ ಬರುತ್ತದೆ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70 ಶೇಕಡಾ, ಪಕ್ಕದ ಗಾಜುಗಳಲ್ಲಿ ಕನಿಷ್ಠ 50 ಶೇಕಡಾ ಬೆಳಕು ಹಾಯಬೇಕೆಂಬುದು ನಿಯಮ. ರಾತ್ರಿ ರಿವರ್ಸ್ ತೆಗೆಯಲು ಇನ್ನೂ ತಡಕಾಡುವವರಿಗೆ ನಿಯಮವಿಲ್ಲದಿದ್ದರೂ ಅದು ಬೇಡ.

ಖರ್ಚಿನ ಲೆಕ್ಕವನ್ನೂ ನೋಡಬೇಕು. ಸಣ್ಣ ಕಾರಿಗೆ ಪೂರ್ತಿ ಬಣ್ಣವನ್ನು ಸರಿಯಾಗಿ, ಅಂದರೆ ಹಳೆಯದನ್ನು ಉಜ್ಜಿ, ಪ್ರೈಮರ್ ಕೊಟ್ಟು, ಬೂತಿನಲ್ಲಿ ಹೊಡೆದು ಮುಗಿಸಬೇಕಾದರೆ ಮೂವತ್ತು ನಲವತ್ತು ಸಾವಿರ ರೂಪಾಯಿಗಿಂತ ಕಡಿಮೆಗೆ ಆಗುವುದಿಲ್ಲ. ಅಷ್ಟು ಸುರಿದು ಕೊಟ್ಟ ಕಾರಿನ ಎಡಬದಿಯ ಹಿಂಬಾಗಿಲು ಮೊದಲ ತಿಂಗಳಲ್ಲೇ ಗೇಟಿನ ಕಂಬಕ್ಕೆ ಉಜ್ಜುತ್ತದೆ. ಕಲಿಯುವವರೆಲ್ಲರೂ ಬಲಕ್ಕೆ ಕೂತು ಎಡದ ಅಂದಾಜು ತಪ್ಪುವುದರಿಂದ ನಮಗೆ ಬರುವ ಕಲಿಕೆಯ ಗೀರುಗಳಲ್ಲಿ ಹೆಚ್ಚಿನವು ಎಡಗಡೆಯವೇ. ಬಿಳಿಯಂಥ ಸಾದಾ ಬಣ್ಣವಾದರೆ ಆ ಒಂದು ಬಾಗಿಲಿಗೆ ಹೊಡೆದು ಮುಗಿಸಬಹುದು. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳು ಗನ್ನಿನ ಒತ್ತಡಕ್ಕೆ ತಕ್ಕಂತೆ ಮಲಗುವುದರಿಂದ, ಒಂದೇ ಬಾಗಿಲಿಗೆ ಹೊಡೆದರೆ ಅದು ಪಕ್ಕದ ಬಾಗಿಲಿನ ಜೊತೆ ಸೇರುವುದಿಲ್ಲ, ನೆರೆಯ ಭಾಗಗಳಿಗೂ ಹರಡಿ ಹೊಡೆಯಬೇಕಾಗುತ್ತದೆ. ಮುತ್ತಿನ ಹೊಳಪಿನ ಪರ್ಲ್ ಬಣ್ಣಕ್ಕೆ ಇನ್ನೂ ಒಂದು ಪದರ ಹೆಚ್ಚು. ಹೀಗಾಗಿ ಮೊದಲ ವರ್ಷ ಕಾರನ್ನು ಇದ್ದ ಬಣ್ಣದಲ್ಲೇ ಬಿಡಿ. ಉಕ್ಕು ಕಾಣುವಷ್ಟು ಆಳದ ಗೀರಿದ್ದರೆ ತುಕ್ಕು ಹಿಡಿಯದಂತೆ ಟಚಪ್ ಮಾಡಿಸಿ, ಒಮ್ಮೆ ರಬ್ಬಿಂಗ್ ಪಾಲಿಶ್ ಮಾಡಿಸಿ, ಅಷ್ಟಕ್ಕೆ ನಿಲ್ಲಿಸಿ.

ಉಳಿದ ದುಡ್ಡು ಹೋಗಬೇಕಾದದ್ದು ಬೇರೆ ಕಡೆಗೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಕಡಿಮೆ ಓಡಿದ ಮನೆಕಾರುಗಳಲ್ಲಿ ಟೈರಿನ ಕಚ್ಚು ಇನ್ನೂ ಆಳವಾಗಿಯೇ ಇದ್ದು ಮನೆಯವರು ನೆಮ್ಮದಿಯಿಂದಿರುತ್ತಾರೆ, ಆದರೆ ಎಂಟು ಹತ್ತು ವರ್ಷದ ರಬ್ಬರು ಗಡುಸಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಟ್ಟಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಅದನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸದಿದ್ದರೆ ಆಗುಂಬೆಯಂಥ ಘಾಟಿಯ ಇಳಿಜಾರಿನಲ್ಲಿ ಪೆಡಲ್ಲು ಮೆತ್ತಗಾಗುತ್ತದೆ. ಹೆಡ್‌ಲೈಟಿನ ಪ್ಲಾಸ್ಟಿಕ್ ಗಾಜು ಹಳದಿ ಕಟ್ಟಿದ್ದರೆ ಉಜ್ಜಿಸಬೇಕು. ಹಿಂದಿನ ಸೀಟಿನ ಬೆಲ್ಟುಗಳು ಸೀಟಿನಡಿ ಹೂತುಹೋಗಿರುತ್ತವೆ, ಎಳೆದು ಹೊರತೆಗೆಯಬೇಕು, ಏಕೆಂದರೆ ಗೆಳೆಯರು ಕೂರುವುದು ಅಲ್ಲಿಯೇ.

ದುಡ್ಡಿನಿಂದ ಸರಿಪಡಿಸಲಾಗದ ಒಂದು ವಿಷಯವೂ ಇದೆ, ಬಣ್ಣದ ಚರ್ಚೆಯಲ್ಲಿ ಮರೆಯಾಗುವುದು ಅದೇ. ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ (ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ) ಬ್ರೇಕ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ 2021ರ ಕೊನೆಯಿಂದ. ಅದಕ್ಕೂ ಹಿಂದೆ ಕೊಂಡ ಸಣ್ಣ ಕಾರುಗಳ ಕೆಳದರ್ಜೆಯ ಮಾದರಿಗಳಲ್ಲಿ ಇವು ಯಾವುವೂ ಇರದಿರುವುದು ಸಾಮಾನ್ಯ. ಅಂದರೆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಅನುಭವ ಇರುವವರಿಗೆ ಎಲ್ಲಕ್ಕಿಂತ ಕಡಿಮೆ ರಕ್ಷಣೆ ಇರುವ ಕಾರನ್ನು ನಾವು ಪ್ರೀತಿಯಿಂದ ಕೊಡುತ್ತಿದ್ದೇವೆ. ಓಣಿಯಲ್ಲಿ, ಮಾರುಕಟ್ಟೆಯಲ್ಲಿ ಕೈ ಪಳಗಿಸಲು ಹಳೆಯದೇ ಸರಿ. ಆದರೆ ಮಗಳು ಹುಬ್ಬಳ್ಳಿಗೋ ಬೆಂಗಳೂರಿಗೋ ಹೆದ್ದಾರಿಯಲ್ಲಿ ಹೋಗುವ ದಿನ ಹೊಸ ಕಾರಿನ ಕೀಲಿಯನ್ನು ಅವಳಿಗೆ ಕೊಟ್ಟು, ತಂದೆ ಹಳೆಯದರಲ್ಲಿ ಕಚೇರಿಗೆ ಹೋಗುವುದು ಮೇಲು. ಈ ಸಲಹೆಗೆ ಒಪ್ಪುವ ತಂದೆಯರು ಕಡಿಮೆ. ಹೊಸ ಕಾರಿನ ಗೀರಿನ ಚಿಂತೆ ಅವರನ್ನು ಬಿಡುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಪಿಯುಸಿ ಮುಗಿಸಿದ ಅನೇಕರಿಗೆ ಇನ್ನೂ ಹದಿನೇಳೇ ಆಗಿರುತ್ತದೆ, ಕಾರಿನ ಎಲ್‌ಎಲ್‌ಆರ್ ಸಿಗುವುದು 18 ತುಂಬಿದ ಮೇಲೆ. ಅದಕ್ಕೆ ಮುಂಚೆ ರಸ್ತೆಯಲ್ಲಿ ಓಡಿಸಿ ಸಿಕ್ಕಿಬಿದ್ದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಕಾಗದಪತ್ರಗಳಲ್ಲಿ ಎರಡನ್ನು ನೋಡಿಕೊಂಡರೆ ಸಾಕು. ಕಾರು ತಂದೆಯ ಹೆಸರಿನಲ್ಲೇ ಇದ್ದು ಲೈಸೆನ್ಸ್ ಇರುವ ಮಗ ಓಡಿಸಿದರೆ ವಿಮೆಗೆ ತೊಂದರೆಯಿಲ್ಲ; ಆದರೆ ಪಾಲಿಸಿಯ ಜೊತೆ ಬರುವ 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ನೋಂದಾಯಿತ ಮಾಲೀಕರು ತಾವೇ ಓಡಿಸುವಾಗಿನದು, ಮಗನಿಗೆ ಅದು ಅನ್ವಯಿಸುವುದಿಲ್ಲ. ಅವನಿಗೆ ಬೇರೆಯೇ ಅಪಘಾತ ವಿಮೆ ಮಾಡಿಸಿ. ಇನ್ನೊಂದು, ಆರ್‌ಸಿಯ ಅವಧಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಕಾರನ್ನು ತಪಾಸಣೆಗೆ ಒಯ್ದು, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿಮೂರು ಹದಿನಾಲ್ಕು ವರ್ಷದ ಕಾರಿಗೆ ಬಣ್ಣ ಹೊಡೆಸಲೇಬೇಕೆಂದು ಮನೆಯವರೆಲ್ಲ ಹಟ ಹಿಡಿದಿದ್ದರೆ, ಆ ತಪಾಸಣೆಗೆ ಸ್ವಲ್ಪ ಮುಂಚೆ ಹೊಡೆಸಿ. ಅಷ್ಟರಲ್ಲಿ ಎಡಬದಿಯ ಗೀರುಗಳೆಲ್ಲ ಬಂದು ಮುಗಿದಿರುತ್ತವೆ. ಒಂದೇ ಖರ್ಚಿನಲ್ಲಿ ಅವೂ ಹೋಗುತ್ತವೆ.